ಮಡ್‌ಗಾರ್ಡ್

ಹೊರಡುವ ಹಿಂದಿನ ರಾತ್ರಿ ರಂಗಧಾಮ
ತನ್ನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್ ಬಿಚ್ಚಿ
ಅಟ್ಟಕ್ಕೆ ಎಸೆದ.
ಮುನ್ನೂರು ಗ್ರಾಂ ಕಮ್ಮಿಯಾಯ್ತು, ಅಂದ.
ಅವನ ಹೊಟ್ಟೆ ನೋಡಿದೆ. ಏನೂ ಅನ್ನಲಿಲ್ಲ.

ನಾಲ್ಕು ದಿನ ಬಿಸಿಲು.
ಐದನೆಯ ದಿನ, ಊರಿಗೆ ವಾಪಸಾಗುವ ದಿನ,
ಮಳವಳ್ಳಿಯ ಲಾಡ್ಜಿನ ಬಾಗಿಲಿಗೇ ಬಂದು ನಿಂತಿತ್ತು ಚಿತ್ತೆ ಮಳೆ
ಹಾಲಿನ ಬಾಕಿ ಕೇಳಲು ಬಂದವನ ಹಾಗೆ.
ಬೆಂಗಳೂರಿಗೆ ನೂರು ಕಿಲೋಮೀಟರಿನ ಮೇಲೆ.
ಈಗ ನಿಲ್ಲುತ್ತೆ, ಅಂದ.

ಅವನು ಮುಂದೆ, ನಾನು ಹಿಂದೆ.
ಲಾರಿಗಳ ರಸ್ತೆ, ಜೊತೆಯಾಗಿ ಹೋಗುವ ಹಾಗಿಲ್ಲ.
ಅವನ ಚಕ್ರ ಮೊಗೆಮೊಗೆದು ಎಸೆದ ನೀರು
ನೇರ ನನ್ನ ಬಾಯಿಗೆ.
ದೂರ ಉಳಿದರೆ ಎದುರುಗಾಳಿ,
ಹತ್ತಿರ ಬಂದರೆ ಕೆಸರು.
ಹತ್ತಿರವೇ ಇದ್ದೆ.

ಹಾಗಾಗಿ ಊರೂರಿನ ರುಚಿ ನನಗೆ ಗೊತ್ತು.
ಹಲಗೂರಿನದು ಸಪ್ಪೆ ಕೆಮ್ಮಣ್ಣು.
ಸಾತನೂರಿನ ಏರಿನಲ್ಲಿ
ಕೊಳೆತ ಹುಣಸೆಲೆಯ ಒಗರು.
ಕನಕಪುರದ್ದು ಗೂಡು ಬೇಯಿಸಿದ ನೀರೋ ಏನೋ,
ಬಾಯಿಗಿಂತ ಮೂಗಿಗೇ ಹೆಚ್ಚು ಸಿಕ್ಕಿತು.
ಹಾರೋಹಳ್ಳಿಯದು ಕಲ್ಲುಪುಡಿ,
ಹಲ್ಲಿನ ನಡುವೆ ಕರಕರ.

ಮದುವೆಯಾಗಿ ಇಪ್ಪತ್ತೆರಡು ವರ್ಷ,
ಈ ಬೆನ್ನನ್ನು ಇಷ್ಟು ಹೊತ್ತು ಎಂದೂ ನೋಡಿರಲಿಲ್ಲ.
ಎಡಭುಜ ಒಂಚೂರು ಕೆಳಗೆ.
ಕರೆಂಟ್ ಮೀಟರ್ ಓದುವ ಮೆಷೀನಿನ ಚೀಲ
ದಿನಾ ಅದೇ ಭುಜಕ್ಕೆ, ಎಷ್ಟು ಸಾವಿರ ಗೇಟುಗಳ ಮುಂದೆ.
ಹಳದಿ ರೇನ್‌ಕೋಟಿನ ಮೇಲೆ ಸೊಂಟದಿಂದ ಕತ್ತಿನವರೆಗೆ
ಕೆಸರಿನ ಗೆರೆ.
ಅಳಿಲಿಗೆ ಮೂರು. ಇವನಿಗೆ ಒಂದೇ.

ಕಗ್ಗಲೀಪುರದ ಪೆಟ್ರೋಲ್ ಬಂಕಿನಲ್ಲಿ
ತಿರುಗಿ ನನ್ನ ಮುಖ ನೋಡಿದ. ನಕ್ಕ.
ನಗಬಾರದಿತ್ತು.
ಅಲ್ಲಿಯವರೆಗೆ ಗುಟುಕು ಗುಟುಕಾಗಿ ನುಂಗಿದ್ದನ್ನೆಲ್ಲ
ಅಲ್ಲೇ ಅವನ ಮೇಲೆ ಉಗಿದೆ:
ಮಡ್‌ಗಾರ್ಡು, ಅವನಕ್ಕನ ಮನೆಯ ನಾಮಕರಣ,
ಮೈಸೂರಿನ ವರ್ಗಾವಣೆ ಬೇಡ ಅಂತ
ನನ್ನ ಕೈಲೇ ಬರೆಸಿದ ಅರ್ಜಿ.
ಗಾಳಿ ಹೊಡೆಯುವ ಹುಡುಗ ಕಂಪ್ರೆಸರ್ ಆಫ್ ಮಾಡಿ ಕೇಳಿದ.

ರಂಗಧಾಮ ತುಟಿ ಬಿಚ್ಚಲಿಲ್ಲ.
ಬಾಟಲಿಯಲ್ಲಿದ್ದ ನೀರು ಅಷ್ಟನ್ನೂ ಕುಡಿದ,
ಹುಡುಗನ ಬ್ಲೇಡು ಇಸಕೊಂಡು ಬಾಟಲಿ ಉದ್ದಕ್ಕೆ ಸೀಳಿದ,
ನನ್ನ ಜಡೆಯ ರಬ್ಬರ್ ಬ್ಯಾಂಡ್ ಕೈ ಚಾಚಿ ಕೇಳಿ
ಸೀಟಿನ ಕೆಳಗೆ ಬಿಗಿದ.
ಆಂಟಿ, ಇದು ನಿಲ್ಲಲ್ಲ, ಅಂದ ಹುಡುಗ.

ನಿಂತಿತು. ತಲಘಟ್ಟಪುರದವರೆಗೆ.

ಆಮೇಲಿನದು ಬೆಂಗಳೂರು, ಡೀಸೆಲ್ಲು ಮೋರಿ ಎರಡೂ ಸೇರಿ.
ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ಸೇತುವೆಯ ಕೆಳಗೆ
ಬೈಕಿನವರೆಲ್ಲ ಮಳೆಗೆ ಹೆದರಿ ನಿಂತಿದ್ದರು.
ಯಾರದೋ ಬಿರಿಯಾನಿ ಬೆನ್ನಿಗೆ ಹೊತ್ತ ಒಬ್ಬ ಕೇಳಿದ:
ಎಲ್ಲಿಂದ ಸಾರ್?
ಮಳವಳ್ಳಿ.
ಅಯ್ಯೋ, ಬಸ್ ಸಿಗಲಿಲ್ವಾ?

ಏನು ಹೇಳುವುದು. ಬೇಕಾದಷ್ಟು ಬಸ್ಸಿದ್ದವು.
ಕಿಟಕಿಗಂಟಿದ ಮುಖಗಳೆಲ್ಲ
ನಮ್ಮನ್ನೇ ನೋಡಿಕೊಂಡು ಹೋದವು.

ಸಾರಕ್ಕಿ ಸಿಗ್ನಲ್ಲಿನ ಹತ್ತಿರ ಮೊಣಕಾಲುದ್ದ ನೀರು.
ಇಳಿದು ತಳ್ಳಿದೆವು.
ಇಡೀ ದಿನದಲ್ಲಿ ಆಗಲೇ ಮೊದಲು ಪಕ್ಕಪಕ್ಕ.
ರಸ್ತೆ ಯಾವುದು, ಗುಂಡಿ ಯಾವುದು,
ಮುಚ್ಚಳವಿಲ್ಲದ ಚರಂಡಿ ಯಾವುದು,
ಕಾಲಲ್ಲಿ ತಡವಿ ತಡವಿ ಹೇಳುತ್ತ ನಡೆದ:
ಇಲ್ಲಿದೆ. ಇಲ್ಲಿಲ್ಲ. ತಡಿ. ಇಲ್ಲಿದೆ, ಬಾ.
ಅಷ್ಟು ಬಿಟ್ಟು ಬೇರೆ ಮಾತಿಲ್ಲ.
ತಪ್ಪಾಯ್ತು ಅಂತ ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಕದಿರೇನಹಳ್ಳಿ. ಕರೆಂಟಿಲ್ಲ.
ಮೆಟ್ಟಿಲ ಕೆಳಗೆ ಸೈಕಲ್ಲು ಒರಗಿಸುವಾಗ
ಮಹಡಿಯಿಂದ ಫಿಲೋಮಿನಾ ಮೇಡಂ ಮೊಬೈಲ್ ಬೆಳಕು ಬಿಟ್ಟು
ನೆಂದ್ರಾ? ಅಂದರು.
ಸ್ವಲ್ಪ, ಅಂದ ರಂಗಧಾಮ.

ಬಾಟಲಿಯ ಹೋಳು ಎಲ್ಲಿ ಬಿತ್ತೋ,
ರಬ್ಬರ್ ಬ್ಯಾಂಡ್ ಮಾತ್ರ ಸೀಟಿಗೆ ಅಂಟಿಕೊಂಡಿದೆ,
ನನ್ನ ಎರಡು ಕೂದಲ ಸಮೇತ.
ಸ್ಟೂಲ್ ಹತ್ತಿ, ಟಾರ್ಚು ಬಾಯಲ್ಲಿ ಕಚ್ಚಿ
ಅಟ್ಟದಲ್ಲಿ ಏನೋ ತಡಕುತ್ತಿದ್ದಾನೆ. ಒಂದು ಡಬ್ಬಿ ಬಿತ್ತು.
ಏನು ಅಂತ ನಾನು ಕೇಳಲಿಲ್ಲ.
ಗ್ಯಾಸ್ ಹಚ್ಚಿ ಎರಡು ಲೋಟ ಕಾಫಿ ಬೆರೆಸಿದೆ,
ನಿಂತುಕೊಂಡೇ ಕುಡಿದೆ.
ಮೊದಲ ಗುಟುಕಿಗೇ ಹಲ್ಲಿಗೆ ಸಿಕ್ಕಿತು
ಹಾರೋಹಳ್ಳಿ.